ಕಳ್ಳಕವಟಗಿ ದಾರಿಯ ಒನ್ಸ್ ಮೋರ್

ಈ ಸಂಗತಿಯನ್ನು ಮೌಲಾ ಹೇಳಿದ್ದರೆ ನೀವು ಒಂದೇ ಮಾತಿಗೆ ನಂಬುತ್ತಿದ್ದಿರಿ. ಅವನು ಏನು ಹೇಳಿದರೂ ಜನ ನಂಬುತ್ತಿದ್ದರು, ಅದೊಂದು ಅವನ ಭಾಗ್ಯ. ಹೇಳುತ್ತಿರುವವನು ನಾನು, ಶಂಕರ. ಹಾಗಾಗಿ ಮೊದಲೇ ಆಣೆ ಇಟ್ಟುಬಿಡುತ್ತೇನೆ. ಇದು ನಡೆದದ್ದು. ಕಣ್ಣಾರೆ ಕಂಡೆ ಎನ್ನಲಾರೆ, ಆ ರಾತ್ರಿ ಕಣ್ಣಿಗೆ ಏನೂ ಕಾಣಲಿಲ್ಲ. ಕಿವಿಯಾರೆ ಕೇಳಿದೆ.

"ಅದು ಪ್ರತಿಧ್ವನಿ ಇರಬೇಕು ಬಿಡ್ರಿ" ಎಂದು ಎಷ್ಟೋ ಮಂದಿ ನನಗೆ ಬುದ್ಧಿ ಹೇಳಿದ್ದಾರೆ. ಗೋಳಗುಮ್ಮಟದ ಊರಲ್ಲಿ ಹುಟ್ಟಿದವನಿಗೆ ಪ್ರತಿಧ್ವನಿಯ ಪಾಠ! ಗುಮ್ಮಟದೊಳಗೆ ನಾವು ಏನು ಕೂಗುತ್ತೇವೋ ಅದೇ ತಿರುಗಿ ಬರುತ್ತದೆ. ನಾವು ಕೂಗದೇ ಇದ್ದದ್ದು ತಿರುಗಿ ಬರುವುದಿಲ್ಲ... ಅಷ್ಟು ನನಗೂ ಗೊತ್ತು.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ನಮ್ಮ ಊರಿಗೆ ಆಗ ವಿಜಾಪುರ ಎನ್ನುತ್ತಿದ್ದೆವು. ಮೌಲಾ, ನಾನು, ಗುರಪ್ಪಣ್ಣ, ಮೂವರೂ ಸೇರಿ ಒಂದು ಪಾರ್ಟಿ ಕಟ್ಟಿದ್ದೆವು. ಪಾರ್ಟಿ ಎಂದರೆ ರಾಜಕೀಯದ್ದಲ್ಲ, ಹಾಡುವ ಪಾರ್ಟಿ. ಆ ಕಾಲದ ಆರ್ಕೆಸ್ಟ್ರಾಗಳು ಕೋಟು ತೊಟ್ಟು, ತಲೆ ಬಾಚಿ, ಸಿನಿಮಾ ಹಾಡು ಹಾಡುತ್ತಿದ್ದವು. ನಮ್ಮದು ಹಾಗಲ್ಲ. ನಳದಲ್ಲಿ ನೀರು ಬರದಿದ್ದರೆ ಅದರ ಮೇಲೆ ಹಾಡು, ಬಸ್ಸು ನಿಲ್ಲಿಸದೆ ಹೋದರೆ ಅದರ ಮೇಲೆ ಹಾಡು. ಚಿಮಣಿ ಎಣ್ಣೆಯ ಸರತಿಯಲ್ಲಿ ನಿಂತು ನಿಂತು ಕಾಲು ನೋವಾದಾಗ ಹುಟ್ಟಿದ ಹಾಡಿಗಂತೂ ಹಳ್ಳಿಗಳಲ್ಲಿ ಜನ ಹುಚ್ಚೆದ್ದು ಕುಣಿಯುತ್ತಿದ್ದರು. ಒಬ್ಬ ಮನುಷ್ಯ ಬೀಡಿ ಹಚ್ಚಿ ಮುಗಿಸುವುದರೊಳಗೆ ನಮ್ಮ ಹಾಡು ಶುರುವಾಗಿ ಮುಗಿದಿರುತ್ತಿತ್ತು.

ಮೊದಲ ಪ್ರೋಗ್ರಾಂ ತಿಕೋಟಾದಲ್ಲಿ. ಅರ್ಧಕ್ಕೇ ಹಿರಿಯರೊಬ್ಬರು ಕಿವಿ ಮುಚ್ಚಿಕೊಂಡು ಎದ್ದು, "ಇದೇನ್ ಹಾಡೋ ಗದ್ದಲೋ?" ಎಂದರು. ಮಾರನೆಯ ದಿನವೇ ಗುರಪ್ಪಣ್ಣನ ಟೆಂಪೋದ ಮೇಲೆ ಬಣ್ಣದಲ್ಲಿ ಬರೆಸಿದೆ: ಗದ್ದಲ ಪಾರ್ಟಿ, ವಿಜಾಪುರ. ಹೆಸರು ಹೊಳೆದದ್ದು ನನಗೆ, ಇದನ್ನು ನೆನಪಿಡಿ. ಈಚೆಗೆ ನನ್ನ ಮೊಮ್ಮಗಳು ಮೊಬೈಲಿನಲ್ಲಿ ಯಾರೋ ಬಿಳಿಯರು ಕಿರುಚುವುದನ್ನು ಕೇಳಿಸಿ, "ಅಜ್ಜಾ, ಇದಕ್ಕ ಪಂಕ್ ಅಂತಾರ, ನಿಮ್ಮದೂ ಇದ" ಎಂದಳು. ಇರಬಹುದು. ನಮಗೆ ಹೆಸರು ಗೊತ್ತಿರಲಿಲ್ಲ, ಹೊಟ್ಟೆಯ ಸಿಟ್ಟು ಗೊತ್ತಿತ್ತು.

ನಮಗೆ ಮಾಲಕರಿಲ್ಲ, ಕಂಪನಿಯಿಲ್ಲ. ಗುರಪ್ಪಣ್ಣ ನಮಗಿಂತ ಹಿರಿಯ, ಮೈಕ್ ಸೆಟ್ ಅವನದು. ಹಗಲು ದನದ ಹಿಂಡಿಯ ಚೀಲ ಸಾಗಿಸುತ್ತಿದ್ದ ಅವನ ಟೆಂಪೋವೇ ರಾತ್ರಿ ನಮ್ಮ ಮನೆ. ಇವತ್ತು ಬಬಲೇಶ್ವರ, ನಾಳೆ ತಿಕೋಟಾ, ನಾಡಿದ್ದು ಯಾವುದೋ ಹೆಸರೇ ಕೇಳದ ಹಳ್ಳಿ. ಯಾರ ಮನೆಯದೋ ರೊಟ್ಟಿ, ಯಾರ ಮನೆಯದೋ ಶೇಂಗಾ ಹಿಂಡಿ, ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ನಿದ್ದೆ. ಒಂದು ಊರಲ್ಲಿ ಕಲ್ಲು ತೂರಿದರು, ತಲೆಗೆ ಪಟ್ಟಿ ಕಟ್ಟಿಕೊಂಡೇ ಮುಂದಿನ ಊರಲ್ಲಿ ಹಾಡಿದೆ. ಹಾಗೆ ತಿರುಗಿ ತಿರುಗಿ ನಮ್ಮ ಹೆಸರು ಸುತ್ತೆಲ್ಲ ಹಬ್ಬಿತು.

ನಮ್ಮ ಹೆಸರು ಎಂದೆನಲ್ಲ, ಅದು ತಪ್ಪು. ಮೌಲಾನ ಹೆಸರು.

ಹಾಡು ಕಟ್ಟುವವನು ನಾನು, ಹಾಡುವವನು ನಾನು. ಕೀಲಿ ಒತ್ತಿ ತಂತಿ ಮೀಟುವ ಬುಲ್‌ಬುಲ್ ಇದೆಯಲ್ಲ, ನಮ್ಮ ಕಡೆ ಬ್ಯಾಂಜೋ ಎನ್ನುತ್ತಾರೆ, ಅದಕ್ಕೆ ವೈರು ಜೋಡಿಸಿ ಮೈಕ್ ಮಷೀನಿಗೆ ಸಿಕ್ಕಿಸಿ, ಊರ ನಾಯಿಗಳೆಲ್ಲ ಬೊಗಳುವಂತೆ ಬಾರಿಸುವವನೂ ನಾನೇ. ಮೌಲಾ ಏನು ಮಾಡುತ್ತಿದ್ದ? ತಾಶಾ ಬಾರಿಸುತ್ತಿದ್ದ. ಮೊಹರಂನಲ್ಲಿ ಕೊರಳಿಗೆ ಹಾಕಿಕೊಂಡು ಎರಡು ಕಡ್ಡಿಯಿಂದ ಬಡಿಯುತ್ತಾರಲ್ಲ, ಅದೇ ತಾಶಾ. ಬಾರಿಸುವಾಗ ಒಂದು ನಗು ನಗುತ್ತಿದ್ದ. ಅಷ್ಟಕ್ಕೇ ಜನ ಎದ್ದು ನಿಲ್ಲುತ್ತಿದ್ದರು.

"ಒನ್ಸ್ ಮೋರ್! ಒನ್ಸ್ ಮೋರ್ ಮೌಲಾ!"

ನಮ್ಮ ಸೀಮೆಯ ನಾಟಕ ನೋಡಿದವರಿಗೆ ಈ ಕೂಗು ಗೊತ್ತು. ಒನ್ಸ್ ಮೋರ್ ಬಿದ್ದರೆ ಮುಗಿಯಿತು, ಮತ್ತೊಮ್ಮೆ ಮೊದಲಿನಿಂದ ಆಗಲೇಬೇಕು. ಮೌಲಾ ಅದಕ್ಕೊಂದು ಚಮತ್ಕಾರ ಸೇರಿಸಿದ್ದ. ಒನ್ಸ್ ಮೋರ್ ಎಂದ ಕೂಡಲೇ ಹಣೆಗೆ ಕೈಯೆತ್ತಿ ಸಲಾಮು ಮಾಡಿ, "ಬಂದೇನ್ರೀ... ಬಂದೇ..." ಎನ್ನುತ್ತ ಕಟ್ಟೆಯಿಂದ ಇಳಿದು ಜನರ ನಡುವೆಯೇ ಬಾರಿಸುತ್ತ ನಡೆದುಬಿಡುತ್ತಿದ್ದ. ಜನ ಸರಿದು ದಾರಿ ಬಿಡುತ್ತಿದ್ದರು. ನಾನು ಮೇಲೆ ಒಬ್ಬನೇ ಮೈಕು ಹಿಡಿದುಕೊಂಡು ಬೆಪ್ಪನಂತೆ ನಿಂತಿರುತ್ತಿದ್ದೆ.

ಒನ್ಸ್ ಮೋರ್‌ಗೆ ವಿರುದ್ಧವಾದ ಇನ್ನೊಂದು ಸದ್ದಿದೆ. ಆಗ ಜನ ಪ್ರೋಗ್ರಾಂಗೆ ಬರುವಾಗ ಕೂರಲು ಗೋಣಿಚೀಲ ತರುತ್ತಿದ್ದರು. ಹಾಡು ಹಿಡಿಸದಿದ್ದರೆ ಬಾಯಲ್ಲಿ ಬೈಯುವುದಿಲ್ಲ. ಸುಮ್ಮನೆ ಎದ್ದು, ಗೋಣಿಯನ್ನು ಫಟ್ ಫಟ್ ಎಂದು ಝಾಡಿಸಿ, ಹೆಗಲಿಗೆ ಹಾಕಿಕೊಂಡು ಹೊರಟುಬಿಡುತ್ತಾರೆ. ಕಲ್ಲೇಟು ತಿಂದು ಸಹಿಸಬಹುದು. ಆ ಫಟ್ ಫಟ್ ಸದ್ದು ಎದೆಗೇ ಬೀಳುತ್ತದೆ.

ಒಂದು ಹಾಡು ಮಾತ್ರ ನಾನು ಎಲ್ಲಿಯೂ ಹಾಡಿರಲಿಲ್ಲ. ಎಣ್ಣೆ ಸಿಗದ ಕಾಲದಲ್ಲಿ ಒಬ್ಬ ತನ್ನ ಹೆಂಡತಿಗೆ ಹೇಳಿ ಹೋಗುವ ಹಾಡು:

ನಾ ಬರೂತನಕಾ ದೀಪಾ ಹಚ್ಚಬ್ಯಾಡ,
ಕತ್ತಲ್ಯಾಗ ಕುಂತು ಹಾದೀ ನೋಡ...

ನಿಧಾನದ ಹಾಡು. ನನಗೆ ಅದರ ಮೇಲೆ ಪ್ರಾಣ. ಮೌಲಾ ಕೇಳಿ ನಕ್ಕುಬಿಟ್ಟಿದ್ದ. "ಇದರಾಗ ತಾಶಾ ಎಲ್ಲಿ ಬಾರಸ್ಲೋ ದೋಸ್ತ? ಮಂದಿ ಗೋಣಿ ಝಾಡಿಸಿ ಹೊಕ್ಕಾರ." ಅವನು ಬೇಡ ಎಂದದ್ದು ನಮ್ಮ ಪಾರ್ಟಿಯಲ್ಲಿ ನಡೆಯುತ್ತಿರಲಿಲ್ಲ. ಪಾರ್ಟಿ ಕಟ್ಟಿದವನು ನಾನು, ಮಾತು ನಡೆಯುವುದು ಅವನದು.

ಹೊಟ್ಟೆಕಿಚ್ಚು ಎನ್ನುತ್ತೀರೇನು? ಹೌದು, ಹೊಟ್ಟೆಕಿಚ್ಚೇ. ಚಿಕ್ಕಂದಿನ ಗೆಳೆಯನ ಮೇಲೇ. ಅದನ್ನು ಮುಚ್ಚಿಟ್ಟು ಒಳ್ಳೆಯವನೆನಿಸಿಕೊಳ್ಳುವ ಆಸೆ ನನಗಿಲ್ಲ.

ಆ ಚಳಿಗಾಲದಲ್ಲಿ ಬಬಲೇಶ್ವರದ ಸಂತೆಯ ದಿನ ನಮ್ಮ ಪ್ರೋಗ್ರಾಂ ನಡೆಯಿತು. ಮುಗಿದ ಮೇಲೆ ಚಹಾದಂಗಡಿಯವನು ನನ್ನ ಕೈಗೆ ಬಶಿ ಕೊಡುತ್ತ ಸಹಜವಾಗಿ ಕೇಳಿದ. "ನಿಮ್ಮ ಮೌಲಾ ಸೊಲ್ಲಾಪುರಕ್ಕ ಹೊಂಟಾನಂತಲ್ರಿ? ಆರ್ಕೆಸ್ಟ್ರಾದವ್ರು ಕರಿಯಾಕ ಬಂದಿದ್ರು, ಇಲ್ಲೇ ಕುಂತ್ ಮಾತಾಡಿದ್ರು."

ಬಶಿಯನ್ನು ಹಾಗೇ ಕಟ್ಟೆಯ ಮೇಲಿಟ್ಟೆ. ನನಗೆ ಒಂದು ಮಾತೂ ಹೇಳಿರಲಿಲ್ಲ ಆ ಮನುಷ್ಯ.

ಅವನು ಹೋದರೆ ಗದ್ದಲ ಪಾರ್ಟಿ ಉಳಿಯುವುದಿಲ್ಲ, ಅದು ನನಗೆ ಚೆನ್ನಾಗಿ ಗೊತ್ತಿತ್ತು. ತಾಶಾ ಇಲ್ಲದೆ ನಾನು ಹಳ್ಳಿಗಳಲ್ಲಿ ಬರೀ ಕೂಗುವ ಹುಚ್ಚ. ಹೊಟ್ಟೆ ಉರಿದದ್ದು ಅದಕ್ಕಲ್ಲ. ಕರೆಯಲು ಬಂದವರು ನನ್ನ ಕಡೆ ತಿರುಗಿಯೂ ನೋಡಿರಲಿಲ್ಲ, ಅದಕ್ಕೆ.

ಮುಂದಿನ ಪ್ರೋಗ್ರಾಂ ಕಳ್ಳಕವಟಗಿಯಲ್ಲಿ. ಅಲ್ಲಿಯೂ ಅದೇ ಕಥೆ. ಒನ್ಸ್ ಮೋರ್ ಮೌಲಾ. ಮುಗಿಸಿ, ಸಾಮಾನು ಹೇರಿಕೊಂಡು, ತಿಕೋಟಾ ಹಾದು ವಿಜಾಪುರಕ್ಕೆ ಮರಳಲು ಹೊರಟೆವು. ಅಮಾವಾಸ್ಯೆಯ ಆಸುಪಾಸು, ಚಂದ್ರನಿಲ್ಲ. ಚಳಿ ಕಿವಿ ಕೊರೆಯುತ್ತಿತ್ತು. ಟೆಂಪೋದೊಳಗೆ ಹಿಂಡಿಯ ಘಮಟು ವಾಸನೆ. ಎಡಬಲಕ್ಕೆ ಎರೆಹೊಲ, ಒಂದು ಗುಡಿಸಲಿನ ಬೆಳಕೂ ಇಲ್ಲ.

ನಾನು ತಡೆಯಲಾರದೆ ಕೇಳಿಯೇಬಿಟ್ಟೆ. "ಸೊಲ್ಲಾಪುರಕ್ಕ ಯಾವಾಗ ಹೊಂಟಿ?"

ಮೌಲಾ ತಾಶಾದ ಕಡ್ಡಿಗಳನ್ನು ಪಕ್ಕಕ್ಕಿಟ್ಟ. "ಹೇಳಾವನ ಇದ್ದೆ, ಶಂಕ್ರ್ಯಾ."

"ಯಾವಾಗ? ಹೋದಮ್ಯಾಲೇನು?"

"ಇನ್ನಾ ಹೂಂ ಅಂದಿಲ್ಲಪಾ ನಾ. ನಾಳೆ ಹೇಳಬೇಕಾಗೇತಿ."

"ನಾ ಇಲ್ಲದ ನಿನ್ನ ತಾಶಾ ಯಾಂವ ಕೇಳ್ತಾನ?"

ಅವನು ಕತ್ತಲಲ್ಲಿ ನಕ್ಕ. ಆ ನಗು ನೋಡದೆಯೂ ನನಗೆ ಗುರುತಾಗುತ್ತಿತ್ತು. "ಈಗ ಯಾಂವ ಕೇಳಾಕತ್ತಾನ, ಅಂವನ" ಎಂದ.

ಕಪಾಳಕ್ಕೆ ಬಾರಿಸುತ್ತಿದ್ದೆನೋ ಏನೋ, ಅಷ್ಟರಲ್ಲಿ ಟೆಂಪೋ ಗೊರಗೊರ ಎಂದು ನಿಂತುಬಿಟ್ಟಿತು. ಹೆಡ್‌ಲೈಟು ಮಂಕಾಗಿ, ಕೆಂಪಾಗಿ, ಆರಿತು.

ಗುರಪ್ಪಣ್ಣ ಬೈಯುತ್ತ ಇಳಿದು ಬಾನೆಟ್ ಎತ್ತಿದ. ಅವನ ಬಳಿ ಇದ್ದ ಟಾರ್ಚಿನ ಸೆಲ್ಲು ಮುಗಿಯಲು ಬಂದಿತ್ತು, ಬೆಳಕು ಅವನ ಕೈಯನ್ನೂ ದಾಟುತ್ತಿರಲಿಲ್ಲ. ಮೌಲಾ ರಸ್ತೆಬದಿಯ ಒಣ ಕಣಿಕೆ, ಜೋಳದ ದಂಟು, ಗುಡ್ಡೆಹಾಕಿ ಬೆಂಕಿ ಮಾಡಿದ. ಮೈ ಕಾಯಿಸಿಕೊಳ್ಳುವುದಕ್ಕಿಂತ ತಾಶಾ ಕಾಯಿಸುವುದು ಅವನಿಗೆ ಮುಖ್ಯ. ಚಳಿಗೆ ತಾಶಾದ ಚರ್ಮ ಸಡಿಲಾಗುತ್ತದೆ, ಬಿಸಿ ತಾಗಿದರೆ ಬಿಗಿಯುತ್ತದೆ.

"ಶಂಕ್ರ್ಯಾ, ಮೈಕ್ ಮಷೀನ್ ಹಚ್ಚಿ ನೋಡಲೇ" ಎಂದ ಗುರಪ್ಪಣ್ಣ. "ಬ್ಯಾಟ್ರಿಯಾಗ ಜೀವ ಐತೋ ಇಲ್ಲೋ ತಿಳೀತದ."

ಮಷೀನ್ ಹಚ್ಚಿದೆ. ಟೆಂಪೋದ ತಲೆಯ ಮೇಲೆ ಕಟ್ಟಿದ್ದ ಮೈಕಿನ ಹಾರ್ನ್ ಹೊಲದ ಕಡೆ ಮುಖ ಮಾಡಿತ್ತು. ಅದು ಕೊರ್ ಎಂದಿತು.

"ಹಲೋ... ಹಲೋ... ಮೈಕ್ ಟೆಸ್ಟಿಂಗ್..."

ನನ್ನ ದನಿ ಕತ್ತಲೊಳಗೆ ಹೋಗಿ ಅಲ್ಲೇ ಇಂಗಿತು. ಏನೂ ಇಲ್ಲ. ಒಂದು ನಾಯಿಯೂ ಬೊಗಳಲಿಲ್ಲ.

ಮೌಲಾ ಕಾದ ತಾಶಾವನ್ನು ಕೊರಳಿಗೆ ಹಾಕಿಕೊಂಡು, ಬಿಗಿ ನೋಡಲು ಒಂದು ವರಸೆ ಬಾರಿಸಿದ. ಮೈಕು ನನ್ನ ಕೈಯಲ್ಲೇ ಇದ್ದದ್ದರಿಂದ ಆ ಸದ್ದು ಹಾರ್ನಿನಿಂದ ಸಿಡಿದು ಹೊಲದ ಮೇಲೆ ಹರಿಯಿತು. ಬಾರಿಸಿ, ಕಡ್ಡಿ ಇಳಿಸಿದ. ಬೆಂಕಿ ಆರಿ ಕೆಂಡವಾಗಿತ್ತು.

ಆಗ ನನಗೆ ಮೊದಲು ಬಂದದ್ದು ವಾಸನೆ.

ಬೀಡಿ. ಹುರಿದ ಶೇಂಗಾ. ತಲೆಗೆ ಹಚ್ಚಿದ ಕುಸುಬೆಣ್ಣೆ, ಬಾಡಿದ ಮಲ್ಲಿಗೆ, ಹಳೇ ಗೋಣಿ. ಊರೂರು ತಿರುಗಿದವನಿಗೆ ಆ ವಾಸನೆ ಬೇರೆ ಹೇಳಬೇಕಾಗಿಲ್ಲ. ಅದು ಕೂತ ಜನರ ವಾಸನೆ... ತುಂಬಾ ಜನರ ವಾಸನೆ.

ಯಾರೋ ಕೆಮ್ಮಿದರು. ಎಲ್ಲೋ ಒಂದು ಕೂಸು ಕುಂಯ್ ಎಂದಿತು, ತಾಯಿ "ಶ್" ಎಂದಳು.

ಆಮೇಲೆ ಕತ್ತಲು ಒಮ್ಮೆಲೇ ಬಾಯಿಬಿಟ್ಟಿತು.

"ಒನ್ಸ್ ಮೋರ್!"

ಒಬ್ಬಿಬ್ಬರಲ್ಲ. ಸಂತೆ ನೆರೆದಷ್ಟು ಜನ. ಗಂಡಸರು, ಹೆಂಗಸರು, ಮುದುಕರು. "ಒನ್ಸ್ ಮೋರ್ ಮೌಲಾ! ಒನ್ಸ್ ಮೋರ್!" ಸಿಳ್ಳೆ. ಚಪ್ಪಾಳೆ.

ಗುರಪ್ಪಣ್ಣನ ಕೈಯಿಂದ ನಟ್ಟು ಬಿಚ್ಚುವ ಪಾನಾ ಜಾರಿ ಎಂಜಿನ್ ಮೇಲೆ ಠಣ್ ಎಂದು ಬಿತ್ತು.

"ಯಾರರ ಅದೀರೇನ್ರಿ ಅಲ್ಲಿ?" ಗುರಪ್ಪಣ್ಣ ಕೂಗಿ ಕೇಳಿದ. ಆಮೇಲೆ ಪಿಸುಗುಟ್ಟಿದ. "ಈ ಕಡೆ ಯಾವ ಊರೂ ಇಲ್ಲಲೇ... ನಾ ಸಣ್ಣಾಂವಿದ್ದಾಗಿಂದ ಈ ಹಾದಿ ನೋಡೇನಿ. ಒಂದ ಮನಿ ಸೈತ ಇಲ್ಲ."

ಮೌಲಾನಿಗೆ ಅದು ಕೇಳಿಸಲೇ ಇಲ್ಲ. ಕೆಂಡದ ಬೆಳಕಲ್ಲಿ ಅವನ ಮುಖ ಕಂಡಿತು. ನಗುತ್ತಿದ್ದ, ಅದೇ ನಗು. ಹಣೆಗೆ ಕೈಯೆತ್ತಿ ಸಲಾಮು ಮಾಡಿದ.

"ಬಂದೇನ್ರೀ... ಬಂದೇ..."

ರಸ್ತೆ ಇಳಿದು, ತಾಶಾ ಬಾರಿಸುತ್ತ, ಕತ್ತಲೊಳಗೆ ನಡೆದುಬಿಟ್ಟ. ಅವನು ಹೋದಂತೆ ಜನ ಸರಿದು ದಾರಿ ಬಿಡುವ ಸದ್ದು ಸ್ಪಷ್ಟವಾಗಿ ಕೇಳಿತು. ಬಳೆಯ ಸದ್ದು, ಸೀರೆಯ ಸರಪರ, ಮೊಣಕಾಲು ಮಡಿಚುವ ಲಟಕ್ಕು.

"ನಿಂದ್ರಲೇ ಮೌಲಾ! ಹೋಗಬ್ಯಾಡೋ!" ಗುರಪ್ಪಣ್ಣ ಕೂಗಿದ. ಕೂಗಿದನೇ ಹೊರತು ಬಾನೆಟ್ ಬಿಟ್ಟು ಕದಲಲಿಲ್ಲ. ನಾನೂ ಕದಲಲಿಲ್ಲ.

ಈಗ ನಾನು ಹೇಳುವುದನ್ನು ಕೇಳಿ ನೀವು ನಗಬಹುದು. ನನಗೂ ಹೆದರಿಕೆಯಾಗಿತ್ತು. ಆದರೂ ಆ ಹೆದರಿಕೆಯ ಅಡಿಯಲ್ಲಿ ಒಂದೇ ಒಂದು ಮಾತು ಕುದಿಯುತ್ತಿತ್ತು. ಇಲ್ಲಿಯೂ ಇವನೇ? ಊರಿಲ್ಲದ, ಮನೆಯಿಲ್ಲದ ಈ ಕತ್ತಲಲ್ಲಿ ಕೂತವರಿಗೂ ಮೌಲಾನೇ ಬೇಕೇ? ನಾನು ಹಲೋ ಎಂದಾಗ ಒಬ್ಬರೂ ಕೆಮ್ಮಲಿಲ್ಲವಲ್ಲ?

ಬೇರೆ ಯಾರಾದರೂ ಓಡಿಹೋಗುತ್ತಿದ್ದರು. ನಾನು ಮೈಕನ್ನು ಬಾಯಿಗೆ ತಂದೆ.

ಮೌಲಾ ಬೇಡ ಎಂದಿದ್ದ ಹಾಡು, ತಾಶಾಕ್ಕೆ ಜಾಗವೇ ಇಲ್ಲದ ಹಾಡು. ಆ ಜನರನ್ನು ಅವನಿಂದ ಕಸಿದುಕೊಳ್ಳಬೇಕು, ಅಷ್ಟೇ ತಲೆಯಲ್ಲಿದ್ದದ್ದು. ಅವರು ಯಾರೇ ಆಗಿರಲಿ.

"ನಾ ಬರೂತನಕಾ ದೀಪಾ ಹಚ್ಚಬ್ಯಾಡ..."

ಹಾರ್ನಿನಲ್ಲಿ ನನ್ನ ದನಿ ನಡುಗುತ್ತ ಹೊರಟಿತು. ತಾಶಾ ಒಂದು ಪೆಟ್ಟು ತಪ್ಪಿತು. ಮತ್ತೊಂದು ತಪ್ಪಿತು. ನಿಂತಿತು. ಆ ಹಾಡಿನಲ್ಲಿ ಅವನಿಗೆ ಎಲ್ಲಿಯೂ ಬಾರಿಸಲು ಬರುತ್ತಿರಲಿಲ್ಲ.

"ಕತ್ತಲ್ಯಾಗ ಕುಂತು ಹಾದೀ ನೋಡ..."

ಸಿಳ್ಳೆ ನಿಂತಿತು. ಚಪ್ಪಾಳೆ ನಿಂತಿತು. ಒಂದು ಕ್ಷಣ, ಗೆದ್ದೆ ಎಂದುಕೊಂಡೆ...

ಫಟ್.

ಎಲ್ಲೋ ದೂರದಲ್ಲಿ, ಒಂದು ಗೋಣಿ ಝಾಡಿಸಿದ ಸದ್ದು.

ಫಟ್ ಫಟ್. ಇನ್ನೊಂದು. ಆಮೇಲೆ ಎಡಕ್ಕೆ, ಬಲಕ್ಕೆ, ಹತ್ತಿರ, ದೂರ, ಎಲ್ಲ ಕಡೆಗೂ ಫಟ್ ಫಟ್ ಫಟ್ ಫಟ್... ಧೂಳಿನ ವಾಸನೆ ಮೂಗಿಗೆ ಅಡರಿತು. ಜನ ಎದ್ದು ಹೋಗುತ್ತಿದ್ದರು. ನನ್ನ ಹಾಡಿಗೆ. ಸತ್ತವರೋ, ಹುಟ್ಟೇ ಇಲ್ಲದವರೋ, ಅವರೂ ಗೋಣಿ ಝಾಡಿಸಿ ಎದ್ದು ಹೋಗುತ್ತಿದ್ದರು. ನನಗೆ ಅಳು ಬಂತು. ಹಟಕ್ಕೆ ಬಿದ್ದು ಕೊನೆಯವರೆಗೂ ಹಾಡಿದೆ. ಮುಗಿಯುವ ಹೊತ್ತಿಗೆ ಕತ್ತಲು ಖಾಲಿಯಾಗಿತ್ತು.

ಗಾಳಿಯೂ ಇಲ್ಲದ ಮೌನ. ಆ ಮೌನದಲ್ಲಿ, ಮೌಲಾನ ಕಾಲಡಿಯಿಂದ ಒಂದು ಕಲ್ಲು ಜಾರಿದ್ದು ಕೇಳಿತು. ಜಾರಿತು... ಅದು ಬಿದ್ದ ಸದ್ದು ತುಂಬ ಹೊತ್ತಿನ ಮೇಲೆ, ತುಂಬ ಕೆಳಗಿನಿಂದ ಬಂತು. ಬುಳಕ್.

"ಯಾ ಅಲ್ಲಾ..." ಎಂದ ಮೌಲಾ.

ಆಗ ಬಂತು ಆ ದನಿ. ಒಂದೇ ದನಿ. ಗಂಡೋ ಹೆಣ್ಣೋ ತಿಳಿಯದು, ವಯಸ್ಸು ತಿಳಿಯದು. ಕಲ್ಲು ಬಿದ್ದ ಅದೇ ಆಳದಿಂದ, ತೀರ ಮೆಲ್ಲಗೆ, ಕೇಳಲು ನಾಚಿಕೊಂಡವರಂತೆ...

"ಒನ್ಸ್ ಮೋರ್..."

ಅದರ ಹಿಂದೆ ಇನ್ನೂ ಏನೋ ಒಂದು ಮಾತಿತ್ತು. ನಾನಿದ್ದಲ್ಲಿಗೆ ಅದು ತಲುಪಲಿಲ್ಲ.

ಮೌಲಾ ಬಿದ್ದು ಎದ್ದು ಓಡಿಬಂದ. ಅವನು ಬಂದು ಹತ್ತಿದ್ದೇ ತಡ, ಗುರಪ್ಪಣ್ಣ ಕೀಲಿ ತಿರುಗಿಸಿದ. ಸತ್ತುಹೋಗಿದ್ದ ಟೆಂಪೋ ಮೊದಲ ಸಲಕ್ಕೇ ಶುರುವಾಯಿತು. ಯಾಕೆ ನಿಂತಿತ್ತು, ಯಾಕೆ ಹೊರಟಿತು, ಎಂಜಿನ್ ಬಿಚ್ಚಿ ನೋಡಿದರೂ ಗುರಪ್ಪಣ್ಣನಿಗೆ ಕೊನೆಗೂ ತಿಳಿಯಲಿಲ್ಲ.

ತಿಕೋಟಾ ಬರುವವರೆಗೂ ಗುರಪ್ಪಣ್ಣ ಟೆಂಪೋದ ವೇಗ ಇಳಿಸಲಿಲ್ಲ. ಬಸ್‌ಸ್ಟ್ಯಾಂಡಿನ ದೀಪ ಕಂಡ ಮೇಲೆ ನಾನೇ ಕೇಳಿದೆ. "ಕಡೀಕ ಒಬ್ರು ಒನ್ಸ್ ಮೋರ್ ಅಂದ್ರು. ಕೇಳ್ತೇನು? ನನ್ನ ಹಾಡಿಗೆ ಅಂದ್ರು."

ಮೌಲಾ ಉಳಿದ ಒಂದೇ ಕಡ್ಡಿಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದ. ಆದರೂ ಹೇಳಿದ. "ನಿನಗಲ್ಲ. ನನಗ."

"ನೀ ಬಾರಿಸೋದು ಬಿಟ್ಟಮ್ಯಾಲೆ ಅಂದಿದ್ದು ಅದು!"

"ನನ್ನ ಮುಂದ ಅಂದಿದ್ದು. ನನಗ ಅಂದಿದ್ದು. ಮುಗೀತು."

"ಇಬ್ರೂ ಬಾಯಿ ಮುಚ್ಚರ್ಲೇ!" ಗುರಪ್ಪಣ್ಣ ಸ್ಟೇರಿಂಗ್ ಗುದ್ದಿದ. "ಅದು ಯಾರದಂತ ಜಗಳಾ ಮಾಡಾಕತ್ತೀರಿ? ದೇವರ ಮನಿ ಪ್ರಸಾದ ಏನದು?"

ಬೆಳಗಾದ ಮೇಲೆ ಗುರಪ್ಪಣ್ಣ ಇನ್ನಿಬ್ಬರನ್ನು ಕರೆದುಕೊಂಡು ಆ ಜಾಗಕ್ಕೆ ಹೋಗಿ ನೋಡಿ ಬಂದ. ರಸ್ತೆಯಿಂದ ಸ್ವಲ್ಪ ದೂರಕ್ಕೇ, ಕಲ್ಲು ಒಡೆದು ತೆಗೆದು ಬಿಟ್ಟುಹೋದ ಹಳೇ ಖಣಿ. ಜಾಲಿಕಂಟಿ ಬೆಳೆದು ಬಾಯಿ ಮುಚ್ಚಿದೆ, ತಳದಲ್ಲಿ ಕಪ್ಪು ನೀರು. ಜನ ಕೂತು ಚಪ್ಪಾಳೆ ತಟ್ಟಿದ ದಿಕ್ಕಿನಲ್ಲಿ ಕೂರಲು ನೆಲವೇ ಇರಲಿಲ್ಲ. ಮೌಲಾನ ತಾಶಾದ ಒಂದು ಕಡ್ಡಿ ಅಂಚಿನ ಮೇಲೇ ಬಿದ್ದಿತ್ತಂತೆ. ಇನ್ನೊಂದು ಹೆಜ್ಜೆ ಇಟ್ಟಿದ್ದರೆ...

ನನ್ನ ಹಾಡು ಅವನ ಜೀವ ಉಳಿಸಿತು. ಊರಲ್ಲಿ ಹಬ್ಬಿದ ಮಾತು ಮಾತ್ರ ಬೇರೆ. ಗುರಪ್ಪಣ್ಣ ಚಹಾದಂಗಡಿಯಲ್ಲಿ ಕೂತು ಹೇಳಿದ, "ಶಂಕ್ರ್ಯಾನ ಹಾಡಿಗೆ ದೆವ್ವ ಸೈತ ಗೋಣಿ ಝಾಡಿಸಿ ಎದ್ದು ಹೋದುವು." ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಇವತ್ತಿಗೂ ಕೆಲವು ಮುದುಕರು ನನ್ನನ್ನು ಕಂಡರೆ ಹೆಗಲ ಮೇಲಿನ ಟವೆಲು ತೆಗೆದು ಝಾಡಿಸಿ ತೋರಿಸುತ್ತಾರೆ.

ಮೌಲಾ ಸೊಲ್ಲಾಪುರಕ್ಕೆ ಹೋಗಲಿಲ್ಲ. ಆ ರಾತ್ರಿಯ ನಂತರ ಕತ್ತಲಾದ ಮೇಲೆ ಕಡ್ಡಿಯನ್ನೇ ಮುಟ್ಟಲಿಲ್ಲ. ಜನ ಅದನ್ನೂ ಏನಂದರು ಗೊತ್ತೇ? "ನೋಡ್ರಿ, ದೋಸ್ತನ ಬಿಟ್ಟು ಹೋಗಲಿಲ್ಲ, ಎಂಥಾ ಮನಷ್ಯಾ!" ಹೆದರಿ ಮನೆಯಲ್ಲಿ ಕೂತರೂ ಹೊಗಳಿಕೆ ಅವನಿಗೇ! ಹಗಲು ಮದುವೆಗಳಲ್ಲಿ, ಸಂತೆಗಳಲ್ಲಿ ಸ್ವಲ್ಪ ಕಾಲ ಬಾರಿಸಿದೆವು. ಬಿಸಿಲಲ್ಲಿ ಗದ್ದಲ ಕೇಳಲು ಯಾರು ನಿಲ್ಲುತ್ತಾರೆ? ಪಾರ್ಟಿ ತಾನಾಗಿಯೇ ಸವೆಯಿತು. ಅವನು ಅಥಣಿ ರಸ್ತೆಯಲ್ಲಿ ಸೈಕಲ್ ಅಂಗಡಿ ಹಾಕಿದ, ನಾನು ಫ್ಯಾನು, ರೇಡಿಯೋ ರಿಪೇರಿ ಮಾಡಿ ಹೊಟ್ಟೆ ಹೊರೆದೆ.

ಭೇಟಿಯಾದಾಗಲೆಲ್ಲ ಜಗಳ ಅದೊಂದೇ. ಮಕ್ಕಳ ಮದುವೆಯಲ್ಲೂ ಅದೇ, ಈದ್ ಹಬ್ಬದ ಸುರಕುಂಬಾ ಪಾಯಸ ಕುಡಿಯುವಾಗಲೂ ಅದೇ.

"ಅದು ನಂದು."

"ಹೋಗಲೇ, ನಂದು."

ನನ್ನ ಇಡೀ ಬಾಳಿನಲ್ಲಿ ಬಿದ್ದ ಒಂದೇ ಒನ್ಸ್ ಮೋರ್ ಅದು. ಅವನಿಗೆ ಸಾವಿರ ಬಿದ್ದಿದ್ದವು. ಆ ಒಂದನ್ನಾದರೂ ಬಿಟ್ಟುಕೊಡಬಾರದೇ? ಬಿಡಲಿಲ್ಲ.

ಕಳೆದ ಚಳಿಗಾಲದಲ್ಲಿ ಮೌಲಾ ಹಾಸಿಗೆ ಹಿಡಿದ. ನೋಡಲು ಹೋದೆ. ಎದೆಗೂಡು ಹಾರುತ್ತಿತ್ತು, ಆ ನಗು ಮಾತ್ರ ಹಾಗೇ ಇತ್ತು. ಮನೆಯವರನ್ನು ಹೊರಗೆ ಕಳಿಸಿ, ನನ್ನ ಕೈ ಹಿಡಿದು ಹತ್ತಿರ ಎಳೆದ.

"ಶಂಕ್ರ್ಯಾ... ಆ ಒನ್ಸ್ ಮೋರ್ ನಿಂದಲೇ."

ನಾನು ಅವನ ಬಾಯಿಯ ಹತ್ತಿರ ಕಿವಿ ತಂದೆ.

"ನಾ ಅಂಚಿನ ಮ್ಯಾಲೆ ನಿಂತಿದ್ದೆ. ನನಗ ಪೂರಾ ಕೇಳ್ತು. ಬರೇ ಒನ್ಸ್ ಮೋರ್ ಅನ್ನಲಿಲ್ಲದು. 'ಒನ್ಸ್ ಮೋರ್... ದೀಪದ್ದು' ಅಂತು."

"ಮತ್ತ ಇಷ್ಟು ದಿನ ನಂದು ಅಂತಿದ್ದೆಲ್ಲೋ?"

"ಹೊಟ್ಟಿಕಿಚ್ಚಲೇ" ಎಂದ. "ಎಲ್ಲಾರೂ ಎದ್ದು ಹೋಗಿದ್ರು. ಅದೊಂದು ಹೋಗಲಿಲ್ಲ. ನನ್ನ ತಾಶಾಕ್ಕ ಹಂಗ ಯಾರೂ ಕುಂತಿಲ್ಲ."

ನಿಜ ಹೇಳುತ್ತೇನೆ, ನನಗಾದ ಸಂತೋಷಕ್ಕೆ ಕಣ್ಣು ತುಂಬಿತು. ಮೌಲಾನಿಗೆ ನನ್ನ ಮೇಲೆ ಹೊಟ್ಟೆಕಿಚ್ಚು! ಅದನ್ನು ಕೇಳಲೆಂದೇ ಇಷ್ಟು ವರ್ಷ ಬದುಕಿದ್ದೆನೋ ಏನೋ. ಅವನು ನನ್ನ ಕೈ ಬಿಟ್ಟ. ಎಷ್ಟೋ ವರ್ಷದ ಹೊರೆ ಇಳಿಸಿದವನಂತೆ ಉಸಿರುಬಿಟ್ಟು ಗೋಡೆಗೆ ತಿರುಗಿ ಮಲಗಿದ. ಎರಡು ದಿನಕ್ಕೆ ತೀರಿಕೊಂಡ.

ಮಣ್ಣು ಮಾಡಿ ಮನೆಗೆ ಬರುವ ದಾರಿಯಲ್ಲಿ ನನಗೆ ಹೊಳೆಯಿತು. ಅಂದರೆ ಅದು ಕಾಯುತ್ತಿರುವುದು ನನ್ನನ್ನು. ಒನ್ಸ್ ಮೋರ್ ಬಿದ್ದಿದೆ, ನಾನು ಇನ್ನೂ ಹಾಡಿಲ್ಲ. ಕತ್ತಲಲ್ಲಿ ಕುಂತು ಹಾದಿ ನೋಡು ಎಂದು ಹಾಡಿದವನು ನಾನೇ.

ಮೌಲಾ ನಿಜವನ್ನೇ ಹೇಳಿದನೋ, ಇಲ್ಲ ತನ್ನದನ್ನು ನನ್ನ ತಲೆಗೆ ಕಟ್ಟಿ ನಿಶ್ಚಿಂತೆಯಿಂದ ಹೋದನೋ... ಕೇಳೋಣವೆಂದರೆ ಅವನಿಲ್ಲ. ಹಾಗೆ ಹಗುರಾಗಿ ಹೋದನಲ್ಲ ಎಂದು ಈಗಲೂ ಅವನ ಮೇಲೆ ಹೊಟ್ಟೆ ಉರಿಯುತ್ತದೆ.

ನಮ್ಮ ಬಡಾವಣೆಯಲ್ಲಿ ಕೆಲವು ರಾತ್ರಿ ಕರೆಂಟ್ ಹೋಗುತ್ತದೆ. ಮೊದಲು ಬೀಡಿಯ ವಾಸನೆ ಬರುತ್ತದೆ, ನಮ್ಮ ಮನೆಯಲ್ಲಿ ಬೀಡಿ ಸೇದುವವರಿಲ್ಲ. ಆಮೇಲೆ ಅಂಗಳದಲ್ಲಿ ಒಂದು ಸದ್ದು. ಝಾಡಿಸಿದ್ದಲ್ಲ. ಗೋಣಿಯೊಂದನ್ನು ಬಿಚ್ಚಿ, ನೆಲಕ್ಕೆ ಹಾಸಿ, ಕೈಯಿಂದ ಸಾಪುಮಾಡಿದ ಸದ್ದು. ಮೊಣಕಾಲು ಲಟಕ್ಕೆಂದು ಯಾರೋ ಕೂರುತ್ತಾರೆ. ನಾನು ಹಲ್ಲು ಬಿಗಿಹಿಡಿದು, ಹಾಡಿನ ಒಂದಕ್ಷರವೂ ತುಟಿಗೆ ಬರದಂತೆ ಹಾಸಿಗೆಯಲ್ಲಿ ಕೂತಿರುತ್ತೇನೆ.

ಹರೆಯದಲ್ಲಿ ಯಾವ ಸದ್ದಿಗೆ ಸಾಯುವಷ್ಟು ಹೆದರುತ್ತಿದ್ದೆನೋ, ಈಗ ಅದೊಂದು ಕೇಳಿಸಲಿ ಎಂದು ಬೆಳಗಿನವರೆಗೂ ಕಿವಿಗೊಡುತ್ತೇನೆ. ಫಟ್ ಫಟ್... ಅಷ್ಟೇ ಸಾಕು.

ಇನ್ನೂ ಯಾರೂ ಎದ್ದಿಲ್ಲ.